ಎರಡು ಊರನ್ನೂ ಸೋಲಿಸಿದ ಅಭಿಮಾನಿ

ಗೆಲ್ಲುವ ತಂಡದ ಅಭಿಮಾನಿಗಳಿಗೆ ಹೇಳಿಕೊಳ್ಳಲು ಇರುವುದು ಒಂದೇ ಕಥೆ, ಗೆದ್ದೆವು ಅಂತ. ನನ್ನ ಹತ್ತಿರ ಒಂಬತ್ತು ವರ್ಷದ ಸೋಲಿನ ಕಥೆಗಳಿವೆ. ವರ್ಷಕ್ಕೊಂದು ಸಲ ಸಿಡ್ನಿ ಕನ್ನಡಿಗರಿಗೂ ಮೆಲ್ಬರ್ನ್ ಕನ್ನಡಿಗರಿಗೂ ಕ್ರಿಕೆಟ್ ಮ್ಯಾಚು ನಡೆಯುತ್ತದೆ. ನನಗೆ ಬ್ಯಾಟು ಹಿಡಿಯಲು ಬರುವುದಿಲ್ಲ, ಕೂಗಲು ಬರುತ್ತದೆ. ನನ್ನ ಆಸೆ ಒಂದೇ. ನನ್ನ ಕಡೆಯವರು ಒಂದು ಸಲವಾದರೂ ಗೆಲ್ಲುವುದನ್ನು ಕಣ್ಣಾರೆ ನೋಡಬೇಕು.

ಬೀಳ್ಕೊಡುಗೆ

ಮೊದಲು ನಾನು ಸಿಡ್ನಿಯವನು. ಮ್ಯಾಕ್ವೆರಿ ಪಾರ್ಕ್‌ನಲ್ಲಿ ಆಫೀಸು, ಹ್ಯಾರಿಸ್ ಪಾರ್ಕ್‌ನಲ್ಲಿ ಬಾಡಿಗೆ ಮನೆ. ನಾನಿದ್ದ ನಾಲ್ಕು ವರ್ಷವೂ ಸಿಡ್ನಿ ಸೋತಿತು. ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಹೊರಟಾಗ ಸಿಡ್ನಿ ಕ್ಯಾಪ್ಟನ್ ದೊಡ್ಡ ಡಬ್ಬಿ ಮೈಸೂರುಪಾಕು ಹಿಡಿದು ಮನೆಗೇ ಬಂದರು. ನನ್ನ ಕಣ್ಣು ತುಂಬಿ ಬಂತು.

"ಅಲ್ಲಿ ಹೊಂದ್ಕೊಳ್ಳೋಕಾಗ್ದಿದ್ರೆ ವಾಪಸ್ ಬಂದ್ಬಿಡ್ತೀನಿ" ಎಂದೆ.

ಅವರು ಗಾಬರಿಯಾದರು. "ಅಯ್ಯೋ, ಬೇಡ ಸಾರ್! ಪರ್ಮನೆಂಟ್ ವೀಸಾ ಇದ್ಯಲ್ಲ, ಅಲ್ಲೇ ಮನೆ ತಗೊಳ್ಳಿ. ಮಾರ್ಟ್‌ಗೇಜ್ ಸಾಲ ಒಂದಾದ್ರೆ ಎಲ್ಲೂ ಅಲ್ಲಾಡೋಕಾಗಲ್ಲ."

ಆ ವರ್ಷ ಸಿಡ್ನಿ ಗೆದ್ದಿತು.

ಮೊಸರನ್ನ

ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನಲ್ಲಿ ಮನೆ ತಗೊಂಡೆ, ಜೊತೆಗೆ ಮೆಲ್ಬರ್ನ್ ತಂಡವನ್ನೂ ನನ್ನದು ಮಾಡಿಕೊಂಡೆ. ಈ ತಂಡಕ್ಕೊಂದು ಪದ್ಧತಿಯಿದೆ. ಟಾಸ್ ಗೆದ್ದರೆ ಫೀಲ್ಡಿಂಗ್. ಅದು ಮುಗಿಯುವ ಹೊತ್ತಿಗೆ ಹೆಂಗಸರು ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ. ಒಂದು ವರ್ಷ ನಮ್ಮ ಓಪನರ್ ಮೂರು ಸಲ ಬಾತು, ಎರಡು ಸಲ ಮೊಸರನ್ನ ಹಾಕಿಸಿಕೊಂಡು ಕ್ರೀಸಿಗೆ ಹೋದರು. ಎರಡನೇ ಓವರಿನಲ್ಲೇ ರನ್ನರ್ ಬೇಕು ಎಂದು ಕೈ ಎತ್ತಿದರು.

"ಏನಾಯ್ತು? ಸ್ನಾಯು ಹಿಡೀತಾ?" ಎಂದು ಅಂಪೈರ್ ಕೇಳಿದರು.

"ಇಲ್ಲ, ನಿದ್ದೆ ಬರ್ತಿದೆ."

ಮುಂದಿನ ವರ್ಷ ನಾನು ಕ್ಯಾಪ್ಟನ್‌ಗೆ, "ಮೊದ್ಲು ಬ್ಯಾಟಿಂಗ್ ಮಾಡಿ, ಆಮೇಲೆ ಊಟ ಮಾಡಿ" ಎಂದು ಸಲಹೆ ಕೊಟ್ಟೆ. ಅವರು ಬಿಸಿಬೇಳೆಬಾತಿನ ಪಾತ್ರೆಯ ಕಡೆ ನೋಡಿದರು.

"ಸರಿ ಸಾರ್, ಆದ್ರೆ ನಾವು ಬೇಗ ಔಟಾಗ್ಬಿಟ್ರೆ ಊಟ ರೆಡಿ ಇರಲ್ವಲ್ಲ?"

ಮಗಳ ಪ್ರಶ್ನೆ

ಐದನೇ ಸೋಲಿನ ದಿನ ಕಾರಿನಲ್ಲಿ ಎಂಟು ವರ್ಷದ ಮಗಳು ಕೇಳಿದಳು. "ಅಪ್ಪಾ, ವೈ ಡೋಂಟ್ ಯೂ ಸಪೋರ್ಟ್ ದಿ ಅದರ್ ಟೀಮ್?"

"ಹಾಗೆಲ್ಲ ಬದಲಾಯಿಸ್ಬಾರ್ದು ಪುಟ್ಟಿ. ಇವ್ರು ನಮ್ಮೋರು."

"ಐ ನೋ. ಬಟ್ ದೆನ್ ದೇ ವಿಲ್ ಲೂಸ್, ಅಂಡ್ ಅವರ್ ಟೀಮ್ ವಿಲ್ ವಿನ್!"

ಮುಂದಿನ ಸಿಗ್ನಲ್ಲಿನಲ್ಲಿ ಬೆರಳು ಮಡಚಿ ಎಣಿಸಿ ನೋಡಿದೆ. ಲೆಕ್ಕ ತಪ್ಪಿರಲಿಲ್ಲ.

ಕಾರಿನಲ್ಲಿ ಕೂತವನು

ಈ ವರ್ಷದ ಮ್ಯಾಚು ನಮ್ಮ ಮನೆ ಹತ್ತಿರದ ಮೈದಾನದಲ್ಲೇ. ನಮ್ಮವರು ಚೆನ್ನಾಗಿಯೇ ಆಡುತ್ತಿದ್ದರು. ನಾನು ಎದ್ದು ಚಪ್ಪಾಳೆ ತಟ್ಟಿದೆ, ವಿಕೆಟ್ ಬಿತ್ತು. ಮತ್ತೆ ತಟ್ಟಿದೆ, ಮತ್ತೊಂದು ಬಿತ್ತು. ಕಾಫಿ ಫ್ಲಾಸ್ಕ್ ತರಲು ಕಾರಿನ ಹತ್ತಿರ ಹೋದೆ. ಹಿಂದಿನಿಂದ ಸಿಕ್ಸರಿನ ಕೂಗು ಕೇಳಿತು.

ಮೈಸೂರಿನಿಂದ ಬಂದಿದ್ದ ನಮ್ಮ ಕ್ಯಾಪ್ಟನ್ ತಾಯಿ ಮಡಚುವ ಕುರ್ಚಿಯಲ್ಲಿ ಸ್ವೆಟರ್ ಹಾಕಿಕೊಂಡು ಇದನ್ನೆಲ್ಲ ಗಮನಿಸುತ್ತಿದ್ದರು. ನಾನು ತಂದ ಫ್ಲಾಸ್ಕ್ ಕೈಗೆ ತೆಗೆದುಕೊಂಡು ಹೇಳಿದರು, "ಬೇಜಾರು ಮಾಡ್ಕೋಬೇಡಪ್ಪಾ. ನೀನು ಕಾರಲ್ಲೇ ಕೂತ್ಕೊ. ಈ ಕಡೆ ತಿರುಗಬೇಡ."

ಕೂತೆ. ಮೈದಾನಕ್ಕೆ ಬೆನ್ನು, ಕಣ್ಣೆದುರು ಯಾರದೋ ಮನೆಯ ಕಸದ ಡಬ್ಬಿ. ಒಂಬತ್ತು ವರ್ಷ ಕಾದಿದ್ದು ಇದಕ್ಕಾ ಎಂದು ಆ ಡಬ್ಬಿಯನ್ನೇ ಕೇಳಿದೆ. ಆದರೂ ತಿರುಗಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಶಿಳ್ಳೆ, ಕೇಕೆ, ಮಕ್ಕಳ ಕಿರುಚಾಟ ಕೇಳಿಸಿತು. ಗೆದ್ದಿದ್ದೆವು! ಓಡಿ ಬಂದು ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಂಡೆ. ಗೆದ್ದ ಒಂದೇ ಒಂದು ಮ್ಯಾಚಿನ ಕೊನೆಯನ್ನು ನೋಡದವನು ನಾನೊಬ್ಬನೇ ಎಂದು ದುಃಖವೂ ಆಯಿತು.

ಪುಣ್ಯಕ್ಕೆ ಯಾರೋ ಕೊನೆಯ ಓವರುಗಳನ್ನು ಫೋನಿನಲ್ಲಿ ಹಿಡಿದಿದ್ದರು. ಎಲ್ಲರೂ ಸುತ್ತುವರಿದು ನೋಡುತ್ತಿದ್ದರು. ನಾನೂ ಸಂದಿಯಲ್ಲಿ ತಲೆ ತೂರಿಸಿದೆ. ಅದೇ ಕ್ಷಣಕ್ಕೆ ವಿಡಿಯೋದಲ್ಲಿ ನಮ್ಮ ಬ್ಯಾಟ್ಸ್‌ಮನ್ ಬೌಲ್ಡ್ ಆದ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಕ್ಯಾಪ್ಟನ್ ತಾಯಿ ಕುರ್ಚಿಯಿಂದಲೇ ಕೂಗಿದರು, "ಮತ್ಯಾಕಪ್ಪಾ ಬಂದೆ? ಹೋಗು, ಕಾರಿಗೆ ಹೋಗು!"

ಹೋದೆ. ಅಷ್ಟು ಕಷ್ಟಪಟ್ಟು ಗೆದ್ದ ಮ್ಯಾಚು, ನನ್ನಿಂದ ಸೋತುಹೋದರೆ?