ಶೀರ್ಷಾಸನಕ್ಕೊಂದು ತೂಕದ ಗುಂಡು

ಒಂದು ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ನನಗೆ ಅನ್ನ ರುಚಿಸುವುದಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನಲ್ಲಿ ಗಣಿತ ಓದಿ, ದಂಡಿನ ಒಂದು ಮಿಲಿಟರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು ನಾನು. ಯುದ್ಧದ ಕಾಲ; ವಾರಕ್ಕೊಂದು ಬ್ಯಾರಕ್ಕು ಮೇಲೇಳುತ್ತಿತ್ತು. ನನ್ನ ಮೇಜಿನ ಮೇಲೆ ಮಾತ್ರ ಅಳಿಸಿ ಅಳಿಸಿ ಕಾಗದ ತೂತಾಗುತ್ತಿತ್ತು. ಮನೆಯಲ್ಲೂ ಅದೇ ಕಥೆ. "ದೋಸೆಗೂ ಕೈವಾರ ಹಿಡ್ಕೊಂಡು ಬರ್ತೀರಲ್ಲ, ನೀವೇ ಹುಯ್ಕೊಳ್ರೀ" ಎಂದು ಹೆಂಡತಿ ಒಂದು ದಿನ ಸೌಟು ನನ್ನ ಕೈಗೇ ಕೊಟ್ಟಳು. ನಿದ್ದೆ ಹೋಯಿತು, ತಲೆನೋವು ಬಂತು. ಯೋಗ ಕಲಿಯಿರಿ ಎಂದು ಡಾಕ್ಟರು ನನ್ನನ್ನು ಹಲಸೂರಿನ ಮುನಿಯಪ್ಪನವರ ಹತ್ತಿರ ಕಳಿಸಿದರು.

ಮುನಿಯಪ್ಪನವರು ದೊರೆಗಳ ಬಂಗಲೆಯಲ್ಲಿ ಮಾಲಿಯಾಗಿದ್ದು, ಅರವತ್ತಾದ ಮೇಲೆ ಕೆಲಸ ಬಿಟ್ಟವರು. ಅವರ ಹಿತ್ತಿಲಿನ ಹಳೆಯ ಮಣ್ಣಿನ ಗೋಡೆಯ ಪಕ್ಕದಲ್ಲೇ ಪಾಠ. ಅವರ ಶೀರ್ಷಾಸನ ಕಂಡು ನನಗೆ ಒಳಗೊಳಗೇ ನಗು: ಒಂದು ಕಾಲು ಕೃಷ್ಣರಾಜಪುರದ ಕಡೆ, ಇನ್ನೊಂದು ದಂಡಿನ ಸ್ಟೇಷನ್ ಕಡೆ. ನಾನು ಹಾಗೆಲ್ಲ ನಿಲ್ಲುವವನೆ? ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದವರು ಇಳಿಬಿಡುವ ತೂಕದ ಗುಂಡನ್ನು ಕಡ ತಂದು, ನುಗ್ಗೆ ಮರದ ಕೊಂಬೆಯಿಂದ ದಾರದಲ್ಲಿ ಇಳಿಬಿಟ್ಟೆ. ತಲೆಯಿಡುವ ಜಾಗಕ್ಕೆ ಸುಣ್ಣದ ಗುರುತು. ಹಿಮ್ಮಡಿಗೂ ಗೋಡೆಗೂ ಸರಿಯಾಗಿ ಒಂದು ಗೇಣು. ಇಳಿಯುವುದಕ್ಕೂ ಕ್ರಮವಿತ್ತು: ಮೊದಲು ಮಂಡಿ, ಆಮೇಲೆ ಸೊಂಟ, ಕೊನೆಗೆ ಹೆಬ್ಬೆರಳು.

"ಸ್ವಾಮಿ, ನೀವು ಆಸನ ಹಾಕ್ತಿದ್ದೀರೋ, ಚಪ್ಪರಕ್ಕೆ ಕಂಬ ನಿಲ್ಲಿಸ್ತಿದ್ದೀರೋ?" ಎಂದು ಮುನಿಯಪ್ಪನವರು ನಕ್ಕರು.

ಮಳೆಗಾಲ ಬಂತು. ಗೇಣಿದ್ದ ಅಂತರ ನಾಲ್ಕು ಬೆರಳಾಯಿತು. ದಾರ ನೋಡಿದರೆ ನಾನು ನೆಟ್ಟಗೇ ಇದ್ದೆ. ಆದರೂ ತಪ್ಪು ನನ್ನದೇ ಇರಬೇಕೆಂದು ಬೆನ್ನು ಬಿಗಿದೆ. ಇನ್ನೊಂದು ವಾರಕ್ಕೆ ಹಿಮ್ಮಡಿ ಗೋಡೆಗೇ ತಗುಲಿತು. ಕೊಂಬೆಯನ್ನು ಅನುಮಾನಿಸಿದೆ, ನನ್ನನ್ನು ಬೈದುಕೊಂಡೆ. ಗೋಡೆಯೂ ವಾಲಬಹುದೆಂಬುದು, ಗೋಡೆಗಳನ್ನು ಬರೆದೇ ಹೊಟ್ಟೆ ಹೊರೆಯುವ ನನಗೆ ಹೊಳೆಯಲಿಲ್ಲ.

ಕೊನೆಗೊಂದು ಬೆಳಿಗ್ಗೆ, "ನನ್ನ ಗುರುತಿನ ಮೇಲೆ ನೀವೇ ಒಮ್ಮೆ ನಿಂತು ತೋರಿಸಿ" ಎಂದು ಅವರನ್ನು ಕಾಡಿದೆ. ನಿಂತರು. ನಾನು ದೂರ ಕೂತು, ಒಂದು ಕಣ್ಣು ಮುಚ್ಚಿ, ಅವರ ಕಾಲನ್ನು ದಾರಕ್ಕೆ ಹೋಲಿಸುತ್ತಿದ್ದೆ. ಗೋಡೆಯೊಳಗೆ ಯಾರೋ ಕೆಮ್ಮಿದಂಥ ಸದ್ದು. ಕೂಗಲು ಬಾಯಿ ತೆರೆದೆ; ಯಾವ ಮಾತು ಸರಿ ಎಂದು ಹುಡುಕುತ್ತ ಹಾಗೇ ಉಳಿದೆ. ಅಷ್ಟರಲ್ಲಿ ಆ ಮುದುಕರು ಮಂಡಿಯಿಲ್ಲ, ಸೊಂಟವಿಲ್ಲ, ಮುದುಡಿಕೊಂಡು ಕುಂಬಳಕಾಯಿಯ ಹಾಗೆ ಪಕ್ಕಕ್ಕೆ ಉರುಳಿ ಗೊಬ್ಬರದ ಗುಂಡಿಗೆ ಬಿದ್ದರು. ನನ್ನ ಸುಣ್ಣದ ಗುರುತಿನ ಮೇಲೆ ಇಡೀ ಗೋಡೆ ಮಲಗಿತು.

ಧೂಳು ಇಳಿದಾಗ, ತಲೆಗೆಲ್ಲ ಸಗಣಿ ಮೆತ್ತಿಕೊಂಡು ಅವರು ಎದ್ದು ಕೂತಿದ್ದರು. ಆ ಉರುಳಾಟದಷ್ಟು ಸುಂದರವಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೈ ಮುಗಿದು, "ಅದು ಯಾವ ಆಸನ?" ಎಂದೆ.

"ಹೆಸರು ಹುಡುಕ್ತಾ ನಿಂತಿದ್ರೆ, ಹೊರೋಕೆ ನೀವು ನಾಲ್ಕು ಜನರನ್ನ ಕರ್ಕೊಂಡ್ಬರ್ಬೇಕಾಗ್ತಿತ್ತು. ಮೈ ಬಿಟ್ಬಿಟ್ಟೆ ಸ್ವಾಮಿ, ಅದೇ ಹೋಯ್ತು."

ಈಗಲೂ ಊಟಕ್ಕೆ ಕೂತರೆ ಗೋಡೆಯ ಆ ಕೆಮ್ಮು ಕೇಳಿಸುತ್ತದೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಹೆಬ್ಬೆರಳಿನವರೆಗೂ ಕ್ರಮವಾಗಿ ಇಳಿಯಲು ಹೋಗಿ, ಗೋಡೆಯ ಕೆಳಗೆ ಬಲು ನೆಟ್ಟಗೆ ಮಲಗಿರುತ್ತಿದ್ದೆ. ಗುಂಡನ್ನು ಹಿಂದಿರುಗಿಸಿಬಿಟ್ಟೆ. ಈಗ ಹಿತ್ತಿಲಿನ ನಟ್ಟನಡುವೆ ನಿಲ್ಲುತ್ತೇನೆ. ಕಾಲು ಎತ್ತ ಹೋದರೂ ಸರಿ. ನಿದ್ದೆ ಬರುತ್ತಿದೆ. ಮೊನ್ನೆ ದೋಸೆ ಭೂಪಟದ ಹಾಗೆ ಬಂದಿತ್ತು. ಮಾತಾಡದೆ ಮೂರು ತಿಂದೆ. ಹೆಂಡತಿ ಹಣೆ ಮುಟ್ಟಿ ನೋಡಿದಳು. ತಿನ್ನುವ ಮೊದಲು ಮಣೆಯನ್ನು ಅಡುಗೆಮನೆಯ ಗೋಡೆಯಿಂದ ಒಂದು ಗೇಣು ದೂರ ಸರಿಸಿದ್ದೆ, ಅಷ್ಟೆ. ಆ ಗೇಣನ್ನು ಎರಡು ಸಲ ಅಳೆದದ್ದು ಅವಳಿಗೆ ಕಾಣಲಿಲ್ಲವೆಂದುಕೊಂಡಿದ್ದೇನೆ.