ತಲೆ ಎಣಿಕೆಗೆ ಬಂದ ಅಣ್ಣ

ಸ್ವಂತ ಮನೆಯ ಬಚ್ಚಲಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸರದಿಯಲ್ಲಿ ನಿಲ್ಲುವ ಗಂಡಸಿನ ದುಃಖ ಯಾರಿಗೂ ಬೇಡ. ಕಿರ್ಕುಕ್ ಪೇಟೆಯ ಬಟ್ಟೆ ವ್ಯಾಪಾರಿ ಬುರ್ಹಾನ್ ಹಾಗೆ ನಿಂತು ನಿಂತು ಕಾಲು ಬದಲಿಸುತ್ತಿದ್ದ. ಅವನ ಮುಂದೆ ಹೆಂಡತಿಯ ಅಣ್ಣನ ಸೊಸೆ, ಅವಳ ಮುಂದೆ ಅಣ್ಣನ ಮಗ, ಒಳಗೆ ಸಾಕ್ಷಾತ್ ಅಣ್ಣ. ಸೀರ್ವಾನ್ ಮಹಾಶಯರು ಹಾಡು ಹೇಳಿಕೊಂಡು ಸ್ನಾನ ಮಾಡುತ್ತಿದ್ದರು.

ಇಷ್ಟಕ್ಕೂ ಕಾರಣ ಜನಗಣತಿ.

ಕಿರ್ಕುಕ್ಕಿನಲ್ಲಿ ತುರ್ಕ್‌ಮನ್ನರನ್ನು ಕೇಳಿ, ನೂರಕ್ಕೆ ಅರವತ್ತು ನಾವೇ ಎನ್ನುತ್ತಾರೆ. ಕುರ್ದರನ್ನು ಕೇಳಿ, ಅರವತ್ತು ನಾವು ಎನ್ನುತ್ತಾರೆ. ಅರಬರು ಸಂಕೋಚದ ಜನ, ಐವತ್ತಕ್ಕೇ ನಿಲ್ಲಿಸುತ್ತಾರೆ. (ನೂರಕ್ಕೆ ನೂರೆಪ್ಪತ್ತು ಜನ ಇರುವ ಊರಿನಲ್ಲಿ ತನ್ನ ಅಂಗಡಿ ಯಾಕೆ ಖಾಲಿ ಹೊಡೆಯುತ್ತದೆ ಎನ್ನುವುದು ಬುರ್ಹಾನನಿಗೆ ಇನ್ನೂ ಹೊಳೆದಿಲ್ಲ.) ಎಷ್ಟೋ ಕಾಲದ ಮೇಲೆ ಸರ್ಕಾರ ತಲೆ ಎಣಿಸಲು ಹೊರಟಿತ್ತು. ಎರಡು ದಿನ ಕರ್ಫ್ಯೂ, ಯಾರೂ ಮನೆ ಬಿಟ್ಟು ಕದಲುವಂತಿಲ್ಲ, ಇದ್ದವರನ್ನು ಇದ್ದಲ್ಲೇ ಎಣಿಸುವುದು. ಸರಿ, ಎಲ್ಲರೂ ಊರು ಬಿಟ್ಟುಹೋದ ತಮ್ಮತಮ್ಮವರನ್ನು ಹಿಡಿದು ತರತೊಡಗಿದರು.

ಬುರ್ಹಾನ್ ತುರ್ಕ್‌ಮನ್. ಹೆಂಡತಿ ಖಜಾಲ್ ಕುರ್ದ್. ಹಳೆಯ ಸರ್ಕಾರ ಕುರ್ದರನ್ನು ಊರು ಬಿಡಿಸಿದ ಕಾಲದಲ್ಲಿ ಅವಳ ತವರಿನವರೆಲ್ಲ ಲಾರಿ ಹತ್ತಿ ಕುರ್ದರ ಊರಾದ ಸುಲೈಮಾನಿಯಾಕ್ಕೆ ಹೋದರು. ಹೊಸ ಮದುವಣಗಿತ್ತಿ ಖಜಾಲ್ ಗಂಡನ ಜೊತೆ ಉಳಿದಳು. ಅಣ್ಣ ಅದನ್ನು ಕ್ಷಮಿಸಲಿಲ್ಲ. ಅವತ್ತಿನಿಂದ ಅವಳ ಹೊಸಿಲು ತುಳಿದಿರಲಿಲ್ಲ.

ಅಂಥ ಅಣ್ಣ ಈಗ ಹೆಂಡತಿ, ಮಕ್ಕಳು, ಸೊಸೆಯರು, ಮೊಮ್ಮಕ್ಕಳ ಸಮೇತ ಎರಡು ವ್ಯಾನಿನಲ್ಲಿ ಬರುತ್ತಿದ್ದ!

"ನೋಡಿದ್ರಾ? ನನ್ನ ನೋಡೋಕೆ ಬರ್ತಿದಾನೆ," ಎಂದು ಖಜಾಲ್ ಬೀದಿಗೆಲ್ಲ ಹೇಳಿಕೊಂಡು ಬಂದಳು. ಮನೆಯ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದಳು.

ಮೂರು ಭಾಷೆಯವರ ಜೊತೆ ಚೌಕಾಶಿ ಮಾಡಿ ಪಳಗಿದ ಬುರ್ಹಾನನಿಗೆ ಗಿರಾಕಿ ಯಾತಕ್ಕೆ ಬಂದ ಎಂದು ತಿಳಿಯದೆ? ಆದರೆ ಅವಳ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಸತ್ಯ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುವುದೇ ಈ ಎರಡು ದಿನ ತನ್ನ ಪರಮ ಕರ್ತವ್ಯ ಎಂದು ಸಂಕಲ್ಪ ಮಾಡಿದ.

ಹಾಸಿಗೆಗಳನ್ನು ಕಂಡು ಚಿಕ್ಕಪ್ಪನ ಮಗ ನಿಹಾತ್ ಓಡಿ ಬಂದ. "ಏನಣ್ಣ ಇದು, ಮನೇಲಿ ಕುರ್ದರ ಕಾರ್ಖಾನೆ ಇಟ್ಟಿದೀಯಾ? ನಮ್ಮ ಮಾನ ಹೋಯ್ತು!"

"ನಿನ್ನ ಗ್ಯಾರೇಜಿನಲ್ಲಿ ಮಲಗಿರೋ ಬಾಗ್ದಾದಿನ ಷಡ್ಡಕರು ಏನು, ಕಾರು ರಿಪೇರಿಗೆ ಬಂದೋರಾ?"

ನಿಹಾತ್ ಬಂದ ದಾರಿಯಲ್ಲೇ ಹೋದ.

ವ್ಯಾನಿನಿಂದ ಇಳಿದ ಸೀರ್ವಾನ್ ಬಾಗಿಲಲ್ಲೇ, "ಎಣಿಸೋರು ಬಂದು ಹೋದ್ರಾ?" ಎಂದ. ಬುರ್ಹಾನ್ ಜೋರಾಗಿ ಕೆಮ್ಮಿದ. ಆಮೇಲೆ ಎರಡು ದಿನವೂ ಯಾರಾದರೂ ಗಣತಿಯ ಮಾತೆತ್ತಿದರೆ ಕೆಮ್ಮಿದ. ಟಿವಿ ಕೆಟ್ಟಿದೆ ಎಂದು ವೈರು ಕಿತ್ತಿಟ್ಟ. ಅಷ್ಟು ಮಾಡಿಯೂ ಏನು ಬಂತು? ಅಣ್ಣ ತಂಗಿಯ ಜೊತೆ ನೇರ ಮಾತಾಡಲೇ ಇಲ್ಲ. "ಭಾವ, ಚಹಾ ಇನ್ನೊಂದು ಲೋಟ ಕೊಡೋಕೆ ಹೇಳಿ," ಎಂದು ಎದುರಿಗೇ ನಿಂತಿದ್ದವಳಿಗೆ ಬುರ್ಹಾನನ ಮೂಲಕ ಸುದ್ದಿ ಕಳಿಸುತ್ತಿದ್ದ. ಒಮ್ಮೆ ಮಾತ್ರ, ಅವಳು ಬೆಳಗಿನಿಂದ ಕೂತು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ತುಂಬಿ ಸುತ್ತಿದ ದೋಲ್ಮಾ ಬಾಯಿಗಿಟ್ಟು, ತಲೆ ಎತ್ತದೆ, "ಉಪ್ಪು ಕಮ್ಮಿ," ಎಂದ.

ಎರಡನೆಯ ದಿನ ಗಣತಿಯ ಹುಡುಗಿ ಬಂದಳು. ಯಾವುದೋ ಶಾಲೆಯ ಟೀಚರು. ಸೀರ್ವಾನ್ ಜರಿ ರುಮಾಲು ಸುತ್ತಿ, ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಆಣೆ ಮಾಡುವವನ ಹಾಗೆ ಎದೆಯ ಮೇಲೆ ಕೈಯಿಟ್ಟು ಕಾದ. ಅವಳು ಹೆಸರು, ವಯಸ್ಸು ಬರೆದುಕೊಂಡಳು. ರೂಮು ಎಷ್ಟು ಎಂದಳು. ಫ್ರಿಜ್ ಇದೆಯಾ ಎಂದಳು. ನಲ್ಲಿ ನೀರು ಬರುತ್ತಾ ಎಂದಳು. ಎದ್ದಳು.

"ಒಂದು ಪ್ರಶ್ನೆ ಮರೆತೆಯಲ್ಲಮ್ಮ," ಎಂದ ಸೀರ್ವಾನ್.

"ಇಲ್ಲ ತಾತ, ಮುಗೀತು."

"ನಾವು ಯಾರು ಅಂತ ಕೇಳಲ್ವಾ? ಕುರ್ದರೋ, ಇನ್ನೊಬ್ಬರೋ?"

"ಅದು ಇದರಲ್ಲಿ ಇಲ್ಲ ತಾತ. ಜಗಳ ಆಗುತ್ತೆ ಅಂತ ತೆಗೆದಿದ್ದಾರೆ."

ಸೀರ್ವಾನನ ಕೈ ಎದೆಯ ಮೇಲಿಂದ ಮೆಲ್ಲಗೆ ಜಾರಿತು. "ಹಾಗಾದ್ರೆ," ಎಂದ ಎಲ್ಲರಿಗೂ ಕೇಳುವ ಹಾಗೆ, "ನಾನು ಈ ಮನೆಗೆ ಬಂದದ್ದಾದ್ರೂ ಯಾಕೆ?"

ಬುರ್ಹಾನ್ ಕೆಮ್ಮಲು ಹೋದ. ಸಮಯಕ್ಕೆ ಕೆಮ್ಮು ಬರಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಬಗ್ಗಿ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಳು.

ಕರ್ಫ್ಯೂ ಎತ್ತಿದ ತಕ್ಷಣ ವ್ಯಾನುಗಳು ಹೊರಟವು. "ಮನೆ ಚೆನ್ನಾಗಿದೆ ಭಾವ," ಎಂದು ಬುರ್ಹಾನನಿಗೆ ಹೇಳಿ ಸೀರ್ವಾನ್ ವ್ಯಾನಿನ ಬಾಗಿಲು ಹಾಕಿಕೊಂಡ. ಮನೆ ಇದ್ದಕ್ಕಿದ್ದಂತೆ ಬಿಕೋ ಎಂದಿತು. ಬಚ್ಚಲು ಖಾಲಿ ಇತ್ತು, ಬುರ್ಹಾನನಿಗೆ ಹೋಗುವ ಮನಸ್ಸಾಗಲಿಲ್ಲ.

ಮಾಳಿಗೆಯ ಮೇಲೆ ದಿಂಬು ಒಣಹಾಕುತ್ತಿದ್ದ ಹೆಂಡತಿಯ ಹತ್ತಿರ ಹೋಗಿ ವ್ಯಾಪಾರದ ಅತಿ ನಯವಾದ ದನಿಯಲ್ಲಿ ಶುರುಮಾಡಿದ. "ಅಣ್ಣನ ಮಾತು ಮನಸ್ಸಿಗೆ ಹಚ್ಕೋಬೇಡ. ಗಣತಿ ಅನ್ನೋದೆಲ್ಲ ನೆಪ. ಬಂದದ್ದು ನಿನ್ನ ನೋಡೋಕೇನೇ."

ಖಜಾಲ್ ನಕ್ಕಳು. "ರೀ, ಅವನನ್ನ ಕರೆದಿದ್ದೇ ನಾನು."

"ಏನು?"

"ಮಗಳು ಹುಟ್ಟಿದಾಗ ಕರೆದೆ, ಬರಲಿಲ್ಲ. ನನಗೆ ಆಪರೇಷನ್ ಆದಾಗ ಕರೆದೆ, ಬರಲಿಲ್ಲ. ಈ ಸಲ ಫೋನ್ ಮಾಡಿ, 'ಅಣ್ಣಾ, ನಮ್ಮ ಬೀದೀಲಿ ಕುರ್ದರು ಕಮ್ಮಿ ಬೀಳ್ತಾರೆ' ಅಂದೆ. ಮಾರನೇ ದಿನವೇ ವ್ಯಾನು ಮಾಡ್ಕೊಂಡು ಬಂದ." ದಿಂಬು ಕೊಡವಿದಳು. "ಮೇಲಾಗಿ ಕರ್ಫ್ಯೂ. ಕೋಪ ಬಂದ್ರೂ ಎದ್ದು ಹೋಗೋ ಹಾಗಿಲ್ಲ. ಸರ್ಕಾರವೇ ಬಾಗಿಲು ಹಾಕಿಕೊಡ್ತು."

"ಮತ್ತೆ ನಾನು ಎರಡು ದಿನ ಕೆಮ್ಮಿದ್ದು?"

"ಗಂಟಲು ಕೆಟ್ಟಿರಬೇಕು ಅಂತ ಶುಂಠಿ ಹಾಕಿ ಕೊಟ್ಟೆನಲ್ಲ."

ಪೇಟೆಯ ಮಹಾ ಚತುರ ದಿಂಬುಗಳ ಮಧ್ಯೆ ಕುಸಿದು ಕೂತ. ಅವಳು ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು. "ಉಪ್ಪು ಕಮ್ಮಿ ಅಂದ, ಕೇಳಿಸಿಕೊಂಡ್ರಾ? ಅಮ್ಮನಿಗೂ ದಿನಾ ಹಾಗೇ ಅನ್ನೋನು. ನಾನು ಬೇಕಂತಲೇ ಕಮ್ಮಿ ಹಾಕಿದ್ದೆ." ಇನ್ನೊಂದು ದಿಂಬು ಕೈಗೆತ್ತಿಕೊಂಡು ಕೇಳಿದಳು, "ಮುಂದಿನ ಗಣತಿ ಯಾವಾಗ್ರೀ?"

"ಹತ್ತು ವರ್ಷಕ್ಕೊಂದು ಅಂತಾರೆ."

"ಅಣ್ಣನಿಗೆ ಈಗಲೇ ಎಪ್ಪತ್ತಾಯ್ತು," ಎಂದಳು.

ಕೆಲವು ವಾರಗಳಲ್ಲಿ ಕುಲದ ಮಾತಿಲ್ಲದ ಬರಿಯ ತಲೆಗಳ ಲೆಕ್ಕ ಹೊರಬಿತ್ತು. ಪೇಟೆಯ ಚಹಾ ಅಂಗಡಿಯಲ್ಲಿ ಮೂರೂ ಕಡೆಯವರು ಸ್ವಲ್ಪ ಗೊಣಗಿ, ಇನ್ನೇನು ತಣ್ಣಗಾಗುತ್ತಿದ್ದರು. "ಹೋಗ್ಲಿ ಬಿಡಣ್ಣ, ಆದದ್ದಾಯ್ತು," ಎಂದ ಸ್ವತಃ ನಿಹಾತ್.

ಹುಟ್ಟಿದಾಗಿನಿಂದ ಈ ಜಗಳಕ್ಕೆ ತಲೆ ಹಾಕದ ಬುರ್ಹಾನ್ ಮೇಜು ಗುದ್ದಿ ಎದ್ದು ನಿಂತ. "ಏನಾಯ್ತು? ಶುದ್ಧ ಸುಳ್ಳು ಲೆಕ್ಕ! ಒಪ್ಪಲ್ಲ! ಮತ್ತೆ ಎಣಿಸ್ಲಿ! ಈ ವರ್ಷವೇ ಎಣಿಸ್ಲಿ! ಕರ್ಫ್ಯೂ ಹಾಕಿ ಎಣಿಸ್ಲಿ!"

ನಿಹಾತ್ ಓಡಿ ಬಂದು ತಬ್ಬಿಕೊಂಡ. "ಕಡೆಗೂ ನಮ್ಮವನಾದೆ ಅಣ್ಣಾ!"

ಬುರ್ಹಾನ್ ಕಣ್ಣೊರೆಸಿಕೊಂಡ. ಕುಲದ ಮೇಲೆ ಎಂಥ ಅಭಿಮಾನ ಎಂದು ಮೆಚ್ಚಿ, ಸುತ್ತಲಿದ್ದ ತುರ್ಕ್‌ಮನ್ನರು ಅವನಿಗೆ ಇನ್ನೊಂದು ಚಹಾ ತರಿಸಿದರು.