ಮೊಮ್ಮಗಳ ಕೈಗುಣ

ವಯಸ್ಸಾದ ಮೇಲೆ ತಪ್ಪು ಮಾಡುವ ಅವಕಾಶಗಳು ಕಡಿಮೆಯಾಗುತ್ತವೆ ಎಂದು ನಂಬಿಕೊಂಡಿದ್ದೆ. ಓಡಾಟ ಕಡಿಮೆ, ನಮ್ಮ ಮಾತು ಕೇಳುವವರಂತೂ ಇನ್ನೂ ಕಡಿಮೆ. ಏನು ಹೇಳಿದರೂ ಯಾರಿಗೂ ತಗಲುವುದಿಲ್ಲ ಎಂಬ ಧೈರ್ಯ. ಆದರೆ ಮನೆಯಲ್ಲಿ ಆರು ವರ್ಷದ ಮಗುವಿದ್ದರೆ ಅದು ನಮ್ಮ ಬಾಯಿಂದ ಬಿದ್ದದ್ದನ್ನೆಲ್ಲ ನಿಜವೆಂದು ಎತ್ತಿಟ್ಟುಕೊಳ್ಳುತ್ತದೆ. ನನ್ನ ಮಾತನ್ನು ಅಷ್ಟು ಗಮನವಿಟ್ಟು ನನ್ನ ಹೆಂಡತಿ ನಲವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಅವಳು ಸುಖವಾಗಿದ್ದಾಳೆ.

ನಮ್ಮದು ಹೊಸಕೆರೆಹಳ್ಳಿ. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಮ್ಮ ಮೂರಂತಸ್ತಿನ ಮನೆ ನಿಂತಿದೆ. ಕೆಳಗೆ ಬಾಡಿಗೆಯವರು, ಮೇಲೆ ನಾವು, ಮಗಳು, ಅಳಿಯ ಮತ್ತು ಅವರ ಇಬ್ಬರು ಮಕ್ಕಳು: ಎಂಟು ವರ್ಷದ ಮನು, ಆರು ವರ್ಷದ ಧೃತಿ. ಮೊಮ್ಮಕ್ಕಳ ಮುಂದೆ ನಾನು ಭಾರಿ ರೈತ. ನಿಜ ಹೇಳಬೇಕೆಂದರೆ, ಅಪ್ಪ ನನ್ನ ಕೈಗೆ ಬಿತ್ತನೆ ಬೀಜ ಕೊಟ್ಟಿದ್ದು ಒಂದೇ ಸಲ. ನಾನು ಹಾಕಿದ ಸಾಲು ಸರಿಯಾಗಿ ಹುಟ್ಟಲಿಲ್ಲ. "ಇವನ ಕೈಗುಣ ಮಣ್ಣಿಗಾಗಲ್ಲ, ಸ್ಕೂಲಿಗೆ ಹಾಕಿ" ಎಂದುಬಿಟ್ಟರು. ಬಿತ್ತುವ ಕೆಲಸ ಅಣ್ಣನದಾಯಿತು. ನಾನು ಹೈಸ್ಕೂಲು ಮುಗಿಸಿದೆ. ಹೀಗೆ ನನ್ನ ವಿದ್ಯೆಗೆ ಕಾರಣವಾದದ್ದು ಬುದ್ಧಿಯಲ್ಲ, ಹುಟ್ಟದ ಒಂದು ಸಾಲು ಅವರೆ.

ಈ ವರ್ಷ ಸಂಕ್ರಾಂತಿ ಕಳೆದು ಬೆಳಗಿನ ಚಳಿ ಸ್ವಲ್ಪ ಸಡಿಲವಾದಾಗ ಮಕ್ಕಳ ಕೈಯಲ್ಲಿ ಬೀಜ ಹಾಕಿಸುವ ಉತ್ಸಾಹ ಬಂತು. ಹಬ್ಬಕ್ಕೆ ತಂದಿದ್ದ ಸಿಹಿಗುಂಬಳದ ಬೀಜಗಳನ್ನು ಹೆಂಡತಿ ತೊಳೆದು, ಪೇಪರಿನ ಮೇಲೆ ಟೆರೇಸಿನಲ್ಲಿ ಒಣಗಿಸಿದ್ದಳು. ಪೇಂಟಿನ ಖಾಲಿ ಬಕೆಟ್‌ಗಳಿಗೆ ತೂತು ಮಾಡಿ ಮಣ್ಣು, ಗೊಬ್ಬರ ತುಂಬಿದೆ. ಮನು ಪೇಪರಿನ ಮೇಲಿದ್ದದ್ದನ್ನೆಲ್ಲ ಬಾಚಿಕೊಂಡು ತನ್ನ ಬಕೆಟ್ಟಿಗೆ ಹಾಕಿದ. ಧೃತಿ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಅಡುಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಇನ್ನಷ್ಟು ಬೀಜ ಕಂಡಿತು. ಕನ್ನಡಕ ಹಾಕಿಕೊಳ್ಳುವ ಗೋಜಿಗೆ ಹೋಗದೆ ನಾಲ್ಕು ತೆಗೆದು ಅವಳ ಅಂಗೈಗೆ ಹಾಕಿದೆ. ಅವಳು ಒಂದೊಂದಕ್ಕೂ "ಬೈ" ಹೇಳಿ ಮಣ್ಣು ಮುಚ್ಚಿದಳು.

ಎಂಟನೆಯ ದಿನ ಮನುವಿನ ಬಕೆಟ್ಟಿನಲ್ಲಿ ಮೂರು ಮೊಳಕೆ ತಲೆಯೆತ್ತಿದವು. ಧೃತಿಯದರಲ್ಲಿ ಮಣ್ಣು ಮಾತ್ರ. ನಾನು ದೊಡ್ಡ ಕೃಷಿ ಪಂಡಿತನಂತೆ ತೀರ್ಪು ಕೊಟ್ಟೆ: "ನೋಡು ಮನು, ನಿಂದು ನಮ್ಮಪ್ಪನ ಕೈಗುಣ ಕಣೋ! ಪುಟ್ಟಿ, ನಿನ್ ಕೈಗೆ ಗಿಡ ಏಳಲ್ಲ ಬಿಡು. ನೀನು ನೀರು ಹಾಕು."

ಅವಳು ನೀರನ್ನೂ ಹಾಕಲಿಲ್ಲ. ಆಮೇಲೆ ನೋಡುತ್ತೇನೆ, ತುಳಸಿಯ ಪಕ್ಕ ಹೋಗುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೋಗುತ್ತಾಳೆ. ಒಂದು ಸಂಜೆ ಬಚ್ಚಲಲ್ಲಿ ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಾ, "ಅಜ್ಜೀ, ನನ್ ಕೈ ಯಾವಾಗ ಸರಿಹೋಗತ್ತೆ?" ಎಂದು ಕೇಳಿದಳಂತೆ. ಹೆಂಡತಿ ನನ್ನ ಮುಂದೆ ಬಂದು ನಿಂತು, "ರೀ, ನಿಮ್ ಬಾಯಿಗೊಂದು ಹೊಲಿಗೆ ಹಾಕ್ಸಿ ಮೊದ್ಲು" ಎಂದಳು. ಮಗು ನಾಳೆ ಮರೆಯುತ್ತದೆ ಎಂದು ನಾನು ಕಾಫಿ ಕುಡಿದೆ. ಬಾಯಾಡಿಸಲು ಅದೇ ಡಬ್ಬಿಗೆ ಕೈ ಹಾಕಿ ಒಂದು ಬೀಜ ಕಚ್ಚಿದೆ. ಗರಿಗರಿ. ಉಪ್ಪುಪ್ಪು. ಹದವಾಗಿ ಹುರಿದಿತ್ತು.

ಡಬ್ಬಿಯ ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟೆ. ಹೇಳಿಬಿಡಬೇಕಿತ್ತು, ಹೇಳಲಿಲ್ಲ. ಮಗುವಿನ ಮುಂದೆ ರೈತನ ಪಟ್ಟ ಬಿಟ್ಟುಕೊಡುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಬದಲಿಗೆ ಬನಶಂಕರಿಯ ನರ್ಸರಿಗೆ ಹೋಗಿ, ಗುಟ್ಟಾಗಿ ನೆಟ್ಟುಬಿಡೋಣ ಎಂದು ಕುಂಬಳದ ಸಸಿ ಕೇಳಿದೆ. ನರ್ಸರಿಯವನು ನಕ್ಕ. "ಕುಂಬಳದ ಸಸಿ ಯಾರ್ ಸಾರ್ ಮಾರ್ತಾರೆ? ಬೀಜ ಹಾಕಿದ್ರೆ ಚಿಕ್ ಮಕ್ಕಳ ಕೈಗೂ ಬರತ್ತೆ." ಅವನಿಗೇನು ಗೊತ್ತು, ಪಾಪ. ದಾರಿಯುದ್ದಕ್ಕೂ ಅಪ್ಪನ ನೆನಪಾಯಿತು. ಅಂದು ಅವರು ನನ್ನ ಕೈಗೆ ಹಾಕಿದ್ದು ಎಂಥ ಬೀಜವೋ. ಹುಳ ತಿಂದದ್ದೋ, ಹಳೆಯದೋ. ನಾನು ಕೇಳಲಿಲ್ಲ, ಅರವತ್ತು ವರ್ಷ ನನ್ನ ಕೈಯನ್ನೇ ಅನುಮಾನಿಸಿಕೊಂಡು ಬಂದೆ.

ಮನೆಗೆ ಬಂದು ಅವಳನ್ನು ಟೆರೇಸಿಗೆ ಕರೆದು, "ಬಾ ಪುಟ್ಟಿ, ಇನ್ನೊಂದ್ಸಲ ಹಾಕೋಣ" ಎಂದೆ.

"ಬೇಡ ತಾತ. ನಾನ್ ಹಾಕಿದ್ರೆ ಸತ್ತೋಗತ್ತೆ."

ಮೊಣಕಾಲು ನೋವಿದ್ದರೂ ಕೆಳಗೆ ಕೂತೆ. "ನಿನ್ ಕೈಯಲ್ಲಿ ಏನೂ ಇಲ್ಲಮ್ಮ. ನಾನೇ ನಿಂಗೆ ಹುರಿದ ಬೀಜ ಕೊಟ್ಟಿದ್ದು. ಅದು ಯಾರ್ ಹಾಕಿದ್ರೂ ಹುಟ್ಟಲ್ಲ. ತಪ್ಪು ನಂದು."

ಅವಳು ನನ್ನ ಮುಖ ನೋಡಿದಳು. "ಮತ್ತೆ ನನ್ ಕೈಗೆ ಏಳಲ್ಲ ಅಂದೆ?"

"ಅಂದೆ. ಗೊತ್ತಿಲ್ದೆ ಅಂದೆ."

"ಗೊತ್ತಾದ್ಮೇಲೆ?"

ನಾನು ಬಕೆಟ್ಟಿನ ಮಣ್ಣು ಕೆದಕತೊಡಗಿದೆ. ಹಿಂದೆ ನಿಂತಿದ್ದ ಮನು, "ತಾತ, ನಿಮ್ ಹೊಲದಲ್ಲೂ ಹುರಿದೇ ಹಾಕ್ತಿದ್ರಾ?" ಎಂದು ಕೇಳಿದ. ಧೃತಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎರಡು ಹನಿ ಕಣ್ಣೀರು ಉದುರಿತು. ಅದನ್ನು ಒರೆಸಲು ಕೈಗಳು ಬೆನ್ನ ಹಿಂದಿನಿಂದ ಮುಂದೆ ಬಂದವು. ಆ ಕೈಗೆ ನರ್ಸರಿಯಿಂದ ತಂದಿದ್ದ ಹೀರೇಕಾಯಿಯ ಬೀಜ ಕೊಟ್ಟೆ. ಏಳನೇ ದಿನ ಎರಡು ಹುಟ್ಟಿದವು.

ಕ್ಷಮೆ ಸಿಕ್ಕಿತು ಎಂದುಕೊಂಡಿರಾ? ಅವಳ ಕಾನೂನು ಬೇರೆ. ಇನ್ನು ಮುಂದೆ ಯಾವ ಬೀಜ ಮಣ್ಣಿಗೆ ಬೀಳಬೇಕಾದರೂ ತಾತ ಮೊದಲು ಒಂದನ್ನು ಕಚ್ಚಿ ತೋರಿಸಬೇಕು. ಕಳೆದ ವಾರ ಹಾಗಲದ ಬೀಜವಾಯಿತು. ಇಂದು ಬೆಳಗ್ಗೆ ಅವಳು ಮುಷ್ಟಿ ಬಿಚ್ಚಿದರೆ ಬ್ಯಾಡಗಿ ಅಲ್ಲ, ಗುಂಟೂರು ಮೆಣಸಿನಕಾಯಿಯ ಬೀಜ.

"ಇದು ಹುರಿದಿಲ್ಲಮ್ಮ, ನೋಡಿದ್ರೇ ಗೊತ್ತಾಗತ್ತೆ" ಎಂದೆ.

"ಅವತ್ತೂ ನೋಡೇ ಕೊಟ್ಟಿದ್ದು ನೀನು" ಎಂದಳು.

ನಾನು ಬಾಯಿ ತೆರೆದೆ.